‘ರಾಜಕೀಯ ಅಪರಾಧ’ ಅಂದುಬಿಟ್ಟರೆ ಬಾಂಬ್ ಇಟ್ಟವನೂ ಬಚಾವಾ?

ಓದುಗರ ಪ್ರಶ್ನೆ: ನಾನು ಗೌರಿಬಿದನೂರು ತಾಲ್ಲೂಕಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹದ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ರಾಜಕೀಯ ಕಾರಣಕ್ಕೆ ಅಪರಾಧ ಮಾಡಿ ಬೇರೆ ದೇಶಕ್ಕೆ ಹೋದವರನ್ನು ವಾಪಸ್ ಕೊಡೋದಿಲ್ಲವಂತೆ. ಹಾಗಾದ್ರೆ ಮುಂಬೈ ದಾಳಿ ಮಾಡಿಸಿದವರೂ ಹಾಗೇ ಹೇಳಬಹುದಲ್ವಾ?” ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮುಂಬೈ ದಾಳಿ ಕೇಸಿನ ತಹವ್ವುರ್ ರಾಣಾನನ್ನು ಅಮೆರಿಕ ಕೊಟ್ಟಿತು. ಪುರುಲಿಯಾ ಕೇಸಿನ ಕಿಮ್ ಡೇವಿಯನ್ನು ಡೆನ್ಮಾರ್ಕ್ ಕೊಡಲಿಲ್ಲ. ಯಾಕೆ ಹೀಗೆ? ಕೆಲವರಿಗಾಗಿ ವರ್ಷಗಟ್ಟಲೆ ಕಾಯುತ್ತೇವೆ, ಇನ್ನು ಕೆಲವರು ಕೆಲವೇ ದಿನಗಳಲ್ಲಿ ವಿಮಾನ ಹತ್ತಿ ಬರುತ್ತಾರೆ. ಅದು ಹೇಗೆ?

ಉತ್ತರ: ಮೇಷ್ಟ್ರೇ, ನಿಮ್ಮ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ನಮಗೆ ಪೋಡಿ, ಪಾಲು, ದಾರಿ ಜಗಳದ ಕೇಸುಗಳೇ ಜಾಸ್ತಿ. ಹಸ್ತಾಂತರದ, ಅಂದರೆ ಓಡಿಬಂದ ಆರೋಪಿಯನ್ನು ಕೇಳಿದ ದೇಶಕ್ಕೆ ಒಪ್ಪಿಸುವ ಕಾನೂನನ್ನು ನಾನು ಲಾ ಓದುವ ಮಕ್ಕಳಿಗೆ ಪಾಠ ಮಾಡುತ್ತೇನೆ, ಅವರೂ ಮೊದಲು ಇದನ್ನೇ ಕೇಳುತ್ತಾರೆ. ದಾಳಿ ಮಾಡಿಸಿದವನು ಹಾಗೆ ಹೇಳಬಹುದು, ಹೇಳಿದವರೂ ಇದ್ದಾರೆ. ಒಂದು ಕಾಲದಲ್ಲಿ ಅದು ನಡೆಯುತ್ತಲೂ ಇತ್ತು. ಈಗ ಬಾಂಬ್, ಒತ್ತೆಯಾಳು, ವಿಮಾನ ಅಪಹರಣದಂಥ ಕೇಸುಗಳಲ್ಲಿ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ. ಇವತ್ತು ಆರೋಪಿಗಳು ಬಾರದೆ ಉಳಿಯುವುದು ಬೇರೆ ಕಾರಣಗಳಿಂದ. ಆ ಕಾರಣಗಳಲ್ಲಿ ಕೆಲವು ನಮ್ಮ ಮನೆಯೊಳಗೇ ಇವೆ.

ರಾಜಕೀಯ ಅಪರಾಧಿಯನ್ನು ಒಪ್ಪಿಸಬೇಕಿಲ್ಲ ಅನ್ನುವ ಈ ವಿನಾಯಿತಿ ಬಂದದ್ದು ಯುರೋಪಿನಿಂದ. ಹಳೆಯ ಕಾಲದ ರಾಜರು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದದ್ದು ಕಳ್ಳಕಾಕರನ್ನಲ್ಲ, ಒಬ್ಬರು ಇನ್ನೊಬ್ಬರ ರಾಜಕೀಯ ಶತ್ರುಗಳನ್ನು. 1833ರಲ್ಲಿ ಬೆಲ್ಜಿಯಂ ಒಂದು ಕಾನೂನು ಮಾಡಿ ಇದನ್ನು ತಲೆಕೆಳಗು ಮಾಡಿತು. ಕಳ್ಳರನ್ನು, ಕೊಲೆಗಾರರನ್ನು ಕೊಡುತ್ತೇವೆ, ರಾಜಕೀಯ ಅಪರಾಧಿಗಳನ್ನು ಕೊಡುವುದಿಲ್ಲ ಎಂದಿತು. ಆ ದೇಶವೇ ಆಗಷ್ಟೇ ಬಂಡಾಯ ಎದ್ದು ಸ್ವತಂತ್ರವಾಗಿತ್ತು, ಬಂಡಾಯಗಾರರ ಮೇಲೆ ಅದಕ್ಕೆ ಕನಿಕರ ಇದ್ದದ್ದು ಸಹಜ. ಆಮೇಲೆ ಫ್ರಾನ್ಸಿನ ಚಕ್ರವರ್ತಿಯ ಮೇಲೆ ಹಲ್ಲೆ ಯತ್ನದ ಒಂದು ಕೇಸು ಬಂತು. 1856ರಲ್ಲಿ ಬೆಲ್ಜಿಯಂ ಕಾನೂನಿಗೆ ಒಂದು ಸಾಲು ಸೇರಿಸಿತು: ದೇಶದ ಮುಖ್ಯಸ್ಥನನ್ನೋ ಅವನ ಕುಟುಂಬದವರನ್ನೋ ಕೊಂದರೆ ಅದು ರಾಜಕೀಯ ಅಪರಾಧವಲ್ಲ. ವಿನಾಯಿತಿ ಹುಟ್ಟಿದ ಇಪ್ಪತ್ತಮೂರು ವರ್ಷಕ್ಕೇ ಅದಕ್ಕೊಂದು ವಿನಾಯಿತಿ!

ರಾಜಕೀಯ ಅಪರಾಧದಲ್ಲಿ ಎರಡು ಬಗೆ. ದೇಶದ್ರೋಹ, ರಾಜದ್ರೋಹದಂಥವು ಮೊದಲನೆಯದು. ಅಲ್ಲಿ ಪೆಟ್ಟು ಬೀಳುವುದು ಸರ್ಕಾರಕ್ಕೆ ಮಾತ್ರ, ಬೇರೆ ಯಾರಿಗೂ ಗಾಯ ಆಗಿರುವುದಿಲ್ಲ. ನಿಮ್ಮ ಪಾಠದ ವಿದುರಾಶ್ವತ್ಥವೇ ಇದಕ್ಕೆ ಉದಾಹರಣೆ. 1938ರ ಏಪ್ರಿಲ್ 25ರಂದು ನಿಷೇಧ ಮೀರಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಸರ್ಕಾರದ ಕಡತದಲ್ಲಿ ಅಪರಾಧಿಗಳು ಅಂತ ಇದ್ದವರು ಧ್ವಜ ಹಿಡಿದವರು. ಆಗ ಹಿಂದೂಪುರ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಂದರೆ ಗೌರಿಬಿದನೂರಿನಿಂದ ಆ ಕಡೆ ದಾಟಿದರೆ ಬೇರೆ ಆಡಳಿತ. ಸಂಸ್ಥಾನ ಮತ್ತು ಬ್ರಿಟಿಷ್ ಇಂಡಿಯಾದ ನಡುವೆ ಆರೋಪಿಗಳನ್ನು ಒಪ್ಪಿಸಲು 1903ರ ಒಂದು ಕಾಯ್ದೆಯೇ ಇತ್ತು. ಧ್ವಜ ಹಾರಿಸಿದ್ದಕ್ಕೆ ಒಬ್ಬನನ್ನು ಹಿಡಿದು ಕೊಡುವುದು ಸರಿಯಲ್ಲ ಅನ್ನೋದರಲ್ಲಿ ಇವತ್ತು ಯಾರಿಗೂ ಅನುಮಾನವಿಲ್ಲ.

ಕಷ್ಟ ಇರುವುದು ಎರಡನೆಯ ಬಗೆಯಲ್ಲಿ. ಕೃತ್ಯ ಮಾಮೂಲಿ ಅಪರಾಧ, ಕೊಲೆ, ಸುಲಿಗೆ, ಬೆಂಕಿ ಹಚ್ಚುವುದು. ಮಾಡಿದ ಕಾರಣ ಮಾತ್ರ ರಾಜಕೀಯ. ಇದನ್ನು ಅಳೆಯಲು ಇಂಗ್ಲೆಂಡಿನ ಕೋರ್ಟಿಗೆ ಸಿಕ್ಕಿದ್ದು ಕ್ಯಾಸ್ಟಿಯೋನಿ ಕೇಸು. 1890ರಲ್ಲಿ ಸ್ವಿಟ್ಜರ್ಲೆಂಡಿನ ಟಿಚಿನೋ ಪ್ರಾಂತ್ಯದಲ್ಲಿ ಜನ ದಂಗೆ ಎದ್ದು ಸರ್ಕಾರಿ ಕಟ್ಟಡಕ್ಕೆ ನುಗ್ಗಿದರು. ಆ ಗದ್ದಲದಲ್ಲಿ ಕ್ಯಾಸ್ಟಿಯೋನಿ ಅನ್ನುವವನು ಸರ್ಕಾರದ ಸದಸ್ಯ ರೊಸ್ಸಿಯನ್ನು ಗುಂಡಿಕ್ಕಿ ಕೊಂದು ಇಂಗ್ಲೆಂಡಿಗೆ ಓಡಿದ. ಕೊಲೆ ದಂಗೆಯ ಭಾಗವಾಗಿ ನಡೆದಿದೆ, ಹಾಗಾಗಿ ಅವನನ್ನು ಕೊಡುವುದಿಲ್ಲ ಅಂತ ಕೋರ್ಟ್ ಹೇಳಿತು. ಕೆಲವೇ ವರ್ಷಗಳಲ್ಲಿ, 1894ಕ್ಕೆ, ಮ್ಯೂನಿಯೆ ಬಂದ. ಪ್ಯಾರಿಸ್ಸಿನ ಒಂದು ಕೆಫೆಗೆ, ಒಂದು ಸೇನಾ ಬ್ಯಾರಕ್ಕಿಗೆ ಬಾಂಬ್ ಇಟ್ಟ ಆರೋಪ ಅವನ ಮೇಲಿತ್ತು. ಅವನು ಅರಾಜಕತಾವಾದಿ. ಕೋರ್ಟ್ ಅವನ ವಾದ ಒಪ್ಪಲಿಲ್ಲ. ರಾಜಕೀಯ ಅಪರಾಧ ಅನ್ನಬೇಕಾದರೆ ದೇಶದಲ್ಲಿ ಅಧಿಕಾರಕ್ಕಾಗಿ ಎರಡು ಪಕ್ಷಗಳ ಹೋರಾಟ ಇರಬೇಕು, ಎಲ್ಲ ಸರ್ಕಾರಗಳನ್ನೂ ವಿರೋಧಿಸುವವನ ಬಾಂಬಿಗೆ ಆ ರಕ್ಷಣೆ ಇಲ್ಲ ಎಂದು ಫ್ರಾನ್ಸಿಗೆ ಒಪ್ಪಿಸಿತು.

ಇಲ್ಲಿ ಒಂದು ಸೋಜಿಗ ನೋಡಿ. ಇದೇ ಬ್ರಿಟನ್ ತನ್ನ ಸಾಮ್ರಾಜ್ಯದ ಒಳಗೆ ಬೇರೆ ಕಾನೂನು ಇಟ್ಟುಕೊಂಡಿತ್ತು, 1881ರದ್ದು. ಅದರಲ್ಲಿ ರಾಜಕೀಯ ಅಪರಾಧದ ವಿನಾಯಿತಿಯೇ ಇರಲಿಲ್ಲ. ಸ್ವಿಸ್ ದಂಗೆಕೋರನಿಗೆ ಲಂಡನ್ನಿನಲ್ಲಿ ಆಸರೆ ಸಿಕ್ಕಿತು. 1910ರಲ್ಲಿ ಅಲ್ಲೇ ಸೆರೆಸಿಕ್ಕ ಸಾವರ್ಕರ್ ಅವರನ್ನು ಹಡಗು ಹತ್ತಿಸಿ ಇಂಡಿಯಾಕ್ಕೆ ಕಳಿಸಿದರು. ಮಾರ್ಸೇಲ್ಸ್ ಬಂದರಿನಲ್ಲಿ ಅವರು ಸಮುದ್ರಕ್ಕೆ ಹಾರಿದ ಕಥೆ ನಿಮಗೆ ಗೊತ್ತಿರುತ್ತದೆ. ಫ್ರಾನ್ಸ್ ನೆಲದಲ್ಲಿ ಹಿಡಿದದ್ದು ತಪ್ಪು, ವಾಪಸ್ ಕೊಡಿ ಅಂತ ಫ್ರಾನ್ಸ್ ಕೇಳಿತು. ವಿಷಯ ಹೇಗ್ ನಗರದ ಪಂಚಾಯ್ತಿ ನ್ಯಾಯಮಂಡಳಿಗೆ ಹೋಯಿತು. ಹಿಡಿದ ರೀತಿಯಲ್ಲಿ ಲೋಪ ಇದೆ, ಆದರೆ ಬ್ರಿಟನ್ ವಾಪಸ್ ಕೊಡಬೇಕಾಗಿಲ್ಲ ಎಂದು 1911ರಲ್ಲಿ ತೀರ್ಪಾಯಿತು. ಗಣರಾಜ್ಯವಾದ ಮೇಲೆ ಆ 1881ರ ಕಾಯ್ದೆಯನ್ನು ಇಲ್ಲಿ ಬಳಸಲಾಗದು ಅಂತ ನಮ್ಮ ಸುಪ್ರೀಂ ಕೋರ್ಟ್ 1954ರಲ್ಲಿ ಹೇಳಿತು. ಈಗ ನಮಗೆ ಇರುವುದು 1962ರ ಹಸ್ತಾಂತರ ಕಾಯ್ದೆ.

ಇನ್ನು ಭಯೋತ್ಪಾದನೆಯ ವಿಷಯಕ್ಕೆ ಬರೋಣ. ಈ ಜಗಳ ಜೋರಾದದ್ದು 1970, 80ರ ದಶಕಗಳಲ್ಲಿ. ಎರಡು ಅಮೆರಿಕನ್ ಕೇಸುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. 1979ರಲ್ಲಿ ಇಸ್ರೇಲಿನ ಟಿಬೇರಿಯಸ್ ಊರಿನಲ್ಲಿ ಬಾಂಬ್ ಸಿಡಿದು ಇಬ್ಬರು ಹುಡುಗರು ಸತ್ತರು. ಆರೋಪಿ ಅಬು ಐನ್ ಅಮೆರಿಕದಲ್ಲಿ ಸಿಕ್ಕಿದ. ಇದು ಪ್ಯಾಲೆಸ್ಟೀನ್ ಹೋರಾಟದ ಭಾಗ ಅಂತ ಅವನ ವಕೀಲರು ವಾದಿಸಿದರು. ಸುಮ್ನೆ ಓಡಾಡುವ ಜನರ ನಡುವೆ ಬಾಂಬ್ ಇಡುವುದಕ್ಕೆ ಈ ವಿನಾಯಿತಿ ಇಲ್ಲ ಅಂತ ಅಪೀಲು ಕೋರ್ಟ್ ಹೇಳಿತು, 1981ರಲ್ಲಿ ಅವನನ್ನು ಇಸ್ರೇಲಿಗೆ ಕಳಿಸಿದರು.

ಇನ್ನೊಬ್ಬ ಜೋ ಡೊಹರ್ಟಿ, ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐಆರ್‌ಎ ಸಂಘಟನೆಯ ಸದಸ್ಯ. 1980ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಒಬ್ಬ ಸತ್ತ ಗುಂಡಿನ ಕಾಳಗದಲ್ಲಿ ಇದ್ದವನು. ಜೈಲಿನಿಂದ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದ. 1984ರಲ್ಲಿ ನ್ಯಾಯಾಧೀಶ ಸ್ಪ್ರಿಜ್ಜೊ ಅವನನ್ನು ಕೊಡಲು ಒಪ್ಪಲಿಲ್ಲ. ಅವರ ತರ್ಕ ಸರಳ: ಸತ್ತವನು ಸೈನಿಕ, ಕಾಳಗ ನಡೆದದ್ದು ಸಂಘರ್ಷದ ಜಾಗದಲ್ಲಿ, ಅಂಗಡಿಯಲ್ಲೋ ಹೋಟೆಲಿನಲ್ಲೋ ಬಾಂಬ್ ಇಟ್ಟಿದ್ದರೆ ಮಾತು ಬೇರೆ. ನನಗೆ ಈ ತೀರ್ಪು ಕಾನೂನಿನ ದೃಷ್ಟಿಯಿಂದ ಪ್ರಾಮಾಣಿಕ ಅನಿಸುತ್ತದೆ. ಬ್ರಿಟನ್ನಿಗೆ ಮಾತ್ರ ಕೋಪ ಬಂತು. 1985ರಲ್ಲೇ ಎರಡು ದೇಶಗಳು ಪೂರಕ ಒಪ್ಪಂದ ಬರೆದುಕೊಂಡವು. ಕೊಲೆ, ಸ್ಫೋಟಕ, ಒತ್ತೆಯಾಳುಗಳಂಥ ಅಪರಾಧಗಳನ್ನು ರಾಜಕೀಯ ಎನ್ನುವಂತಿಲ್ಲ ಎಂದು ಅದರಲ್ಲಿ ಸೇರಿಸಿದರು. ಡೊಹರ್ಟಿಯನ್ನು ಕಡೆಗೆ 1992ರಲ್ಲಿ ವಲಸೆ ಕಾನೂನಿನಡಿ ವಾಪಸ್ ಕಳಿಸಿದರು, ಹಸ್ತಾಂತರದಿಂದಲ್ಲ.

ನಮ್ಮ ಕಡೆಯದೇ ಒಂದು ಘಟನೆಯನ್ನು ಈ ಅಳತೆಗೋಲಿಗೆ ಹಚ್ಚಿ ನೋಡಿ. 2005ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಕೆಎಸ್‌ಆರ್‌ಪಿ ಕ್ಯಾಂಪಿನ ಮೇಲೆ ರಾತ್ರಿ ದಾಳಿ ಮಾಡಿ ಪೊಲೀಸರನ್ನು ಕೊಂದರು. ಆ ಕೇಸಿನ ಆರೋಪಿಯೊಬ್ಬ ಆಗ ಬೇರೆ ದೇಶಕ್ಕೆ ಓಡಿಹೋಗಿದ್ದ ಅಂತ ಊಹಿಸಿಕೊಳ್ಳಿ, ನಿಜವಾಗಿ ಹಾಗೇನೂ ಆಗಿಲ್ಲ. ಕ್ಯಾಸ್ಟಿಯೋನಿ ಕೇಸಿನ ಹಳೆಯ ಪ್ರಶ್ನೆ ಕೇಳಿದರೆ, ಇದು ಅಧಿಕಾರಕ್ಕಾಗಿ ನಡೆದ ಸಶಸ್ತ್ರ ಹೋರಾಟದ ಭಾಗವೇ? ಅವನ ವಕೀಲ ಹೌದು ಎನ್ನುತ್ತಾನೆ, ಸತ್ತವರು ಸಮವಸ್ತ್ರದಲ್ಲಿ ಇದ್ದವರು ಅಂತಲೂ ಸೇರಿಸುತ್ತಾನೆ. ಕೇಳುವ ಜಡ್ಜ್ ಸ್ಪ್ರಿಜ್ಜೊ ಥರದವರಾದರೆ ಪಾವಗಡದ ವಿಧವೆಯರಿಗೆ ನ್ಯಾಯ ಸಿಗುತ್ತಿರಲಿಲ್ಲ. ಇಂಥದ್ದು ತಪ್ಪಲಿ ಅಂತಲೇ ದೇಶಗಳು ಒಪ್ಪಂದಗಳಲ್ಲಿ ಪಟ್ಟಿ ಹಾಕಲು ಶುರು ಮಾಡಿದ್ದು.

ಪಟ್ಟಿಯ ಹಿಂದಿನ ಯುಕ್ತಿ ಹೀಗಿದೆ. ಭಯೋತ್ಪಾದನೆ ಅಂದರೆ ಏನು ಅಂತ ಜಗತ್ತಿಗೆ ಒಮ್ಮತವಿಲ್ಲ. ಸಮಗ್ರ ಒಪ್ಪಂದವೊಂದನ್ನು ಮಾಡೋಣ ಅಂತ ಭಾರತವೇ 1996ರಲ್ಲಿ ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟಿತು, ಅದು ಇನ್ನೂ ಪಾಸಾಗಿಲ್ಲ. ಸ್ವಾತಂತ್ರ್ಯ ಹೋರಾಟಗಳನ್ನು ಅದರಿಂದ ಹೊರಗಿಡಬೇಕು ಅನ್ನುವ ದೇಶಗಳಿವೆ, ಸರ್ಕಾರಿ ಸೇನೆಗಳ ಕೃತ್ಯವನ್ನೂ ಸೇರಿಸಿ ಅನ್ನುವವರಿದ್ದಾರೆ. ಹಾಗಾಗಿ ವ್ಯಾಖ್ಯೆಯ ಗೊಡವೆ ಬಿಟ್ಟು ಒಂದೊಂದೇ ಕೃತ್ಯವನ್ನು ಹೆಸರಿಸಿದರು. ವಿಮಾನ ಅಪಹರಣಕ್ಕೆ 1970ರ ಹೇಗ್ ಒಪ್ಪಂದ: ಕೊಡಿ, ಇಲ್ಲವೇ ನಿಮ್ಮಲ್ಲೇ ವಿಚಾರಣೆ ಮಾಡಿ. ಯುರೋಪಿನವರು 1977ರಲ್ಲಿ, ಸಾರ್ಕ್ ದೇಶಗಳು 1987ರಲ್ಲಿ ಕಠ್ಮಂಡುವಿನಲ್ಲಿ ತಮ್ಮ ತಮ್ಮ ಒಪ್ಪಂದ ಮಾಡಿಕೊಂಡವು. ದೊಡ್ಡ ಹೆಜ್ಜೆ ಅಂದರೆ ವಿಶ್ವಸಂಸ್ಥೆಯ 1997ರ ಬಾಂಬ್ ದಾಳಿ ತಡೆ ಒಪ್ಪಂದ. ಈ ಅಪರಾಧವನ್ನು ರಾಜಕೀಯ ಎಂದು ಹೇಳಿ ಹಸ್ತಾಂತರ ನಿರಾಕರಿಸುವಂತಿಲ್ಲ ಎಂದು ಅದರ 11ನೇ ವಿಧಿ ನೇರವಾಗಿ ಹೇಳುತ್ತದೆ. ಭಯೋತ್ಪಾದನೆಗೆ ಹಣ ಒದಗಿಸುವುದರ ಬಗ್ಗೆ 1999ರಲ್ಲಿ ಇಂಥದ್ದೇ ಇನ್ನೊಂದು ಬಂತು.

ನಮ್ಮ 1962ರ ಕಾಯ್ದೆಯನ್ನೂ 1993ರಲ್ಲಿ ಇದೇ ದಾರಿಗೆ ತಂದರು. 31ನೇ ಕಲಂ ಪ್ರಕಾರ ರಾಜಕೀಯ ಸ್ವರೂಪದ ಅಪರಾಧಕ್ಕೆ ನಾವು ಯಾರನ್ನೂ ಒಪ್ಪಿಸುವುದಿಲ್ಲ. ಆದರೆ ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಕೊಲೆ, ಸ್ಫೋಟಕ, ಒತ್ತೆಯಾಳು, ವಿಮಾನ ಅಪಹರಣ ಎಲ್ಲ ಅದರಲ್ಲಿವೆ. ಇವನ್ನು ರಾಜಕೀಯ ಎಂದು ನೋಡುವಂತಿಲ್ಲ. ಬ್ರಿಟನ್ ಜೊತೆಗಿನ 1992ರ, ಅಮೆರಿಕದ ಜೊತೆಗಿನ 1997ರ ಒಪ್ಪಂದಗಳಲ್ಲೂ ಇದೇ ಮಾದರಿ. ನಿಮ್ಮ ಹುಡುಗನಿಗೆ ಕಾನೂನಿನ ಉತ್ತರ ಇದೇ: ಧ್ವಜ ಪಟ್ಟಿಯಲ್ಲಿಲ್ಲ, ಬಾಂಬ್ ಇದೆ. ಮಾಡಿದವನ ಉದ್ದೇಶ ಎಷ್ಟು ಘನವಾದದ್ದು ಅಂತ ಕೋರ್ಟ್ ತೂಗುತ್ತಾ ಕೂರುವುದಿಲ್ಲ.

ಹಾಗಾದರೆ ವಿನಾಯಿತಿಯನ್ನು ಪೂರ್ತಿ ಕಿತ್ತುಹಾಕಬಾರದೇಕೆ? ಹಾಗೆ ಅನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಕೇಸು ಹಾಕುವುದು ಸರ್ಕಾರ, ಯಾರಿಗೆ ಯಾವ ಹೆಸರು ಕೊಡಬೇಕು ಅನ್ನುವುದೂ ಅದರ ಕೈಯಲ್ಲೇ ಇದೆ. ಬರೆದದ್ದಕ್ಕೆ, ಮಾತಾಡಿದ್ದಕ್ಕೆ ಭಯೋತ್ಪಾದಕ ಅಂತ ಕರೆಯುವ ಸರ್ಕಾರಗಳು ಜಗತ್ತಿನಲ್ಲಿ ಕಮ್ಮಿಯೇನಲ್ಲ. ಅದಕ್ಕೇ 1997ರ ಬಾಂಬ್ ಒಪ್ಪಂದವೂ 11ನೇ ವಿಧಿಯ ಪಕ್ಕದಲ್ಲೇ 12ನ್ನು ಇಟ್ಟಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಶಿಕ್ಷಿಸಲೆಂದೇ ಕೇಳುತ್ತಿದ್ದಾರೆ ಅಂತ ನಂಬಲು ಬಲವಾದ ಆಧಾರ ಇದ್ದರೆ ಕೊಡಬೇಕಾಗಿಲ್ಲ. ಬ್ರಿಟನ್ ತನ್ನ 2003ರ ಕಾಯ್ದೆಯಲ್ಲಿ ರಾಜಕೀಯ ಅಪರಾಧ ಅನ್ನುವುದನ್ನೇ ಕೈಬಿಟ್ಟು ಈ ಪರೀಕ್ಷೆಯನ್ನು ಮಾತ್ರ ಇಟ್ಟುಕೊಂಡಿತು. ಅಂದರೆ ಪ್ರಶ್ನೆ ತಿರುಗಿತು. ಮೊದಲು ಆರೋಪಿಯ ಉದ್ದೇಶ ನೋಡುತ್ತಿದ್ದರು, ಈಗ ಕೇಳುವ ಸರ್ಕಾರದ ಉದ್ದೇಶ ನೋಡುತ್ತಾರೆ. ನಮ್ಮ ವಿಜಯ್ ಮಲ್ಯ ಲಂಡನ್ನಿನಲ್ಲಿ ಹಿಡಿದದ್ದು ಇದೇ ಎಳೆಯನ್ನು. ಸಾಲದ ಕೇಸಿಗೆ ರಾಜಕೀಯ ಬಣ್ಣ ಇದೆ ಎಂದರು, 2018ರಲ್ಲಿ ಅಲ್ಲಿನ ಜಡ್ಜ್ ನಂಬಲಿಲ್ಲ.

ಈ ರಕ್ಷಣೆ ನಮಗೇ ಬೇಕಾಗುವ ದಿನವೂ ಬರುತ್ತದೆ, ಬಂದಿದೆ ಕೂಡ. ಬಾಂಗ್ಲಾದೇಶದ ಮಾಜಿ ಪ್ರಧಾನಿ ಶೇಖ್ ಹಸೀನಾ 2024ರ ಆಗಸ್ಟಿನಿಂದ ಭಾರತದಲ್ಲಿದ್ದಾರೆ. ಆ ವರ್ಷದ ಡಿಸೆಂಬರಿನಲ್ಲೇ ಬಾಂಗ್ಲಾದೇಶ ಅವರನ್ನು ಕೊಡಿ ಅಂತ ಪತ್ರ ಕಳಿಸಿತು. 2025ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಮಂಡಳಿ ಅವರ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. 2013ರ ಭಾರತ–ಬಾಂಗ್ಲಾ ಒಪ್ಪಂದದಲ್ಲಿ ರಾಜಕೀಯ ಅಪರಾಧದ ವಿನಾಯಿತಿ ಇದೆ, ಕೊಲೆಯೂ ಸೇರಿ ಹಲವು ಅಪರಾಧಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಆದರೆ ಸದುದ್ದೇಶದಿಂದ ಹಾಕದ ಕೇಸಿಗೆ ಕೊಡಬೇಕಾಗಿಲ್ಲ ಅನ್ನುವ ವಿಧಿಯೂ ಇದೆ. ನಮ್ಮ ಕಾಯ್ದೆಯ 29ನೇ ಕಲಂ ಕೂಡ ಕೇಂದ್ರ ಸರ್ಕಾರಕ್ಕೆ ಅಂಥದ್ದೇ ಅಧಿಕಾರ ಕೊಡುತ್ತದೆ. ಬೇರೆಯವರು ಈ ವಿಧಿ ಎತ್ತಿದಾಗ ನಾವು ಸಿಟ್ಟಾಗುತ್ತೇವೆ. ನಮಗೆ ಬೇಕಾದಾಗ ಅದು ಒಪ್ಪಂದದಲ್ಲಿ ಇರಲೇಬೇಕು, ಅಲ್ವಾ?

ಈಗ ರಾಣಾ, ಡೇವಿ ಕಡೆಗೆ. ರಾಣಾ ಕೇಸಿನಲ್ಲಿ ನಡೆದ ದೊಡ್ಡ ವಾದ ರಾಜಕೀಯದ್ದಲ್ಲ, ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ ಬೇಡ ಅನ್ನುವುದು. ಶಿಕಾಗೊದಲ್ಲಿ 2011ರಲ್ಲಿ ಮುಂಬೈ ದಾಳಿಗೆ ಸಂಬಂಧಿಸಿದ ಆರೋಪದಲ್ಲಿ ಜ್ಯೂರಿ ಅವನನ್ನು ಬಿಟ್ಟಿತ್ತು, ಡೆನ್ಮಾರ್ಕಿನ ಪತ್ರಿಕೆಯೊಂದರ ಮೇಲೆ ದಾಳಿಯ ಸಂಚು ಮತ್ತು ಲಷ್ಕರ್‌ಗೆ ನೆರವಿನ ಆರೋಪದಲ್ಲಿ ಶಿಕ್ಷೆ ಆಗಿತ್ತು. ಭಾರತ ಹೊರಿಸಿದ ಅಪರಾಧಗಳ ಅಂಶಗಳು ಬೇರೆ ಅಂತ ಅಲ್ಲಿನ ಕೋರ್ಟ್‌ಗಳು ಹೇಳಿದವು. ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಅವನ ಅರ್ಜಿ ತಳ್ಳಿಹಾಕಿತು, ಏಪ್ರಿಲ್ 10ಕ್ಕೆ ಅವನು ದೆಹಲಿಯಲ್ಲಿದ್ದ.

ಕಿಮ್ ಡೇವಿ, ಅಂದರೆ ನೀಲ್ಸ್ ಹೋಲ್ಕ್, 1995ರ ಡಿಸೆಂಬರಿನಲ್ಲಿ ಪುರುಲಿಯಾದ ಹಳ್ಳಿಗಳ ಮೇಲೆ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಕೇಸಿನ ಆರೋಪಿ. ಡೆನ್ಮಾರ್ಕ್ ಸರ್ಕಾರ 2010ರಲ್ಲಿ ಅವನನ್ನು ಕೊಡಲು ಒಪ್ಪಿತ್ತು. ತಡೆದದ್ದು ಅಲ್ಲಿನ ಕೋರ್ಟ್. 2011ರಲ್ಲಿ ಮೇಲಿನ ಕೋರ್ಟೂ, 2024ರಲ್ಲಿ ಮತ್ತೊಮ್ಮೆ ಕೆಳಗಿನ ಕೋರ್ಟೂ ಅದನ್ನೇ ಹೇಳಿದವು. ಕಾರಣ, ಭಾರತದ ಬಂಧನದಲ್ಲಿ ಹಿಂಸೆ ಆಗುವ ಅಪಾಯ. ಇದರ ಬೇರು 1989ರ ಸೋರಿಂಗ್ ತೀರ್ಪಿನಲ್ಲಿದೆ. ಅಮಾನವೀಯವಾಗಿ ನಡೆಸಿಕೊಳ್ಳುವ ಕಡೆಗೆ ಒಬ್ಬನನ್ನು ಕಳಿಸಿದರೆ ಕಳಿಸಿದ ದೇಶವೂ ತಪ್ಪಿತಸ್ಥ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆಗ ಹೇಳಿತು. 2025ರ ಫೆಬ್ರವರಿಯಲ್ಲಿ ಶಸ್ತ್ರಾಸ್ತ್ರ ಉದ್ಯಮಿ ಸಂಜಯ್ ಭಂಡಾರಿಯನ್ನು ಲಂಡನ್ ಹೈಕೋರ್ಟ್ ಬಿಟ್ಟಾಗಲೂ ತಿಹಾರ್ ಜೈಲಿನ ಮಾತೇ ಮುಂದೆ ಬಂತು.

ಇದನ್ನು ಓದಿ ವಿದೇಶಿ ಕೋರ್ಟುಗಳನ್ನು ಬೈಯುವುದು ಸುಲಭ. ಆದರೆ ಚಿತ್ರಹಿಂಸೆ ವಿರೋಧಿ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದನೆ ಮಾತ್ರ ಇನ್ನೂ ಮಾಡಿಲ್ಲ. ನಮ್ಮ ವಕೀಲರು ಅಲ್ಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಎದುರು ಪಕ್ಷದವರು ಮೊದಲು ಎತ್ತುವುದು ಈ ಕಾಗದವನ್ನೇ. ರಾಜಕೀಯ ಅಪರಾಧದ ವಿನಾಯಿತಿಯನ್ನು ದೂರುವವರು ಈ ಕಡೆ ತಿರುಗಿಯೂ ನೋಡುವುದಿಲ್ಲ.

ಹೀಗಾಗಿ ಇವತ್ತಿನ ಹಸ್ತಾಂತರ ನಡೆಯುವುದು ಭರವಸೆಗಳ ಮೇಲೆ. ಕೊಟ್ಟ ಮಾತಿಗೆ ಎಷ್ಟು ತೂಕ ಅನ್ನುವುದಕ್ಕೆ ಅಬು ಸಲೇಂ ಕೇಸು ನೋಡಿ. 1993ರ ಮುಂಬೈ ಸ್ಫೋಟದ ಆರೋಪಿ, 2002ರಲ್ಲಿ ಲಿಸ್ಬನ್ನಿನಲ್ಲಿ ಸಿಕ್ಕಿದ. ಮರಣದಂಡನೆ ಇಲ್ಲ, 25 ವರ್ಷಕ್ಕಿಂತ ಹೆಚ್ಚು ಸೆರೆವಾಸವೂ ಇಲ್ಲ ಅಂತ ಆಗಿನ ಉಪಪ್ರಧಾನಿ ಅಡ್ವಾಣಿ ಬರೆದುಕೊಟ್ಟರು. 2005ರಲ್ಲಿ ಅವನು ಬಂದ. ಇಲ್ಲಿ ಹೊಸ ಆರೋಪಗಳನ್ನು ಸೇರಿಸಿದರು. ಯಾವ ಅಪರಾಧಕ್ಕೆ ಕೊಟ್ಟಿದ್ದಾರೋ ಅದಕ್ಕೆ ಮಾತ್ರ ವಿಚಾರಣೆ ಅನ್ನುವ ನಿಯಮ ನಮ್ಮ ಕಾಯ್ದೆಯ 21ನೇ ಕಲಮಿನಲ್ಲೇ ಇದೆ. ಪೋರ್ಚುಗಲ್ ಕೋರ್ಟ್ ಷರತ್ತು ಮುರಿದಿರಿ ಎಂದಿತು, ಕೆಲವು ಆರೋಪ ಕೈಬಿಡಬೇಕಾಯಿತು. 2017ರಲ್ಲಿ ಭಯೋತ್ಪಾದನೆ ಕೇಸುಗಳ ಟಾಡಾ ಕೋರ್ಟ್ ಜೀವಾವಧಿ ಕೊಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟ್, ಪೋರ್ಚುಗಲ್‌ಗೆ ಕೊಟ್ಟ ಮಾತು ಸರ್ಕಾರವನ್ನು ಕಟ್ಟಿಹಾಕುತ್ತದೆ, 25 ವರ್ಷ ತುಂಬಿದ ಮೇಲೆ ಬಿಡುಗಡೆಯ ಕ್ರಮ ಆಗಬೇಕು ಎಂದಿತು. ಲೆಕ್ಕ ಶುರುವಾಗುವುದು 2005ರ ಅಕ್ಟೋಬರಿನಿಂದ. ಓದಿ ಹೊಟ್ಟೆ ಉರಿಯುವುದು ಸಹಜ. ಆದರೆ ಈ ಮಾತು ಉಳಿಸಿಕೊಂಡಿದ್ದರಿಂದಲೇ ಮುಂದಿನ ಆರೋಪಿಯನ್ನು ಕೇಳುವಾಗ ನಮ್ಮ ಕಾಗದಕ್ಕೆ ಬೆಲೆ ಇರುತ್ತದೆ.

ಕೊನೆಗೆ, ದಿಢೀರನೆ ಬರುವವರು. ಅವರಲ್ಲಿ ಬಹಳ ಮಂದಿ ಹಸ್ತಾಂತರವಾಗಿ ಬಂದವರಲ್ಲ, ಗಡೀಪಾರಾಗಿ ಬಂದವರು. ವೀಸಾ ಮುಗಿದಿದೆ, ಪಾಸ್‌ಪೋರ್ಟ್ ಸುಳ್ಳು, ನೀನು ಇಲ್ಲಿರಬೇಡ ಅಂತ ಆ ದೇಶ ವಿಮಾನ ಹತ್ತಿಸುತ್ತದೆ. ಕೆಳಗೆ ಇಳಿದರೆ ನಮ್ಮ ಪೊಲೀಸರು ನಿಂತಿರುತ್ತಾರೆ. ಒಪ್ಪಂದ ಬೇಡ, ಸಾಕ್ಷಿ ಪರಿಶೀಲನೆ ಬೇಡ, ರಾಜಕೀಯ ಅಪರಾಧದ ಪ್ರಶ್ನೆಯೇ ಏಳುವುದಿಲ್ಲ. ತನಿಖಾಧಿಕಾರಿಗಳಿಗೆ ಈ ದಾರಿ ಇಷ್ಟ. ಆದರೆ 21ನೇ ಕಲಮಿನ ರಕ್ಷಣೆ ಹಸ್ತಾಂತರವಾಗಿ ಬಂದವನಿಗೆ ಮಾತ್ರ. ಕೊಟ್ಟ ದೇಶದಲ್ಲಿ ಆ ಅಪರಾಧಕ್ಕೆ ಮರಣದಂಡನೆ ಇಲ್ಲದಿದ್ದರೆ ಇಲ್ಲಿಯೂ ಜೀವಾವಧಿಯೇ ಅನ್ನುವ 34ಸಿ ಕಲಂ ಕೂಡ ಹಾಗೇ. ದೇವಿಂದರ್ ಪಾಲ್ ಸಿಂಗ್ ಭುಲ್ಲರ್‌ನನ್ನು ಜರ್ಮನಿ 1995ರ ಜನವರಿಯಲ್ಲಿ, ಆಶ್ರಯದ ಅರ್ಜಿ ತಿರಸ್ಕರಿಸಿ, ಹೀಗೆ ಗಡೀಪಾರು ಮಾಡಿತು. 1993ರ ದೆಹಲಿ ಬಾಂಬ್ ಕೇಸಿನಲ್ಲಿ ಅವನಿಗೆ ಇಲ್ಲಿ ಮರಣದಂಡನೆ ಆಯಿತು. ಹಸ್ತಾಂತರವಾಗಿದ್ದರೆ ಮರಣದಂಡನೆ ಇಲ್ಲ ಅನ್ನುವ ಷರತ್ತಿಲ್ಲದೆ ಜರ್ಮನಿ ಕೊಡುತ್ತಲೇ ಇರಲಿಲ್ಲ. ಆ ಗಡೀಪಾರು ತಪ್ಪಾಗಿತ್ತು ಅಂತ ಫ್ರಾಂಕ್‌ಫರ್ಟಿನ ಕೋರ್ಟ್ ಆಮೇಲೆ ಹೇಳಿತು. ಅಷ್ಟರಲ್ಲಿ ಅವನು ಭಾರತದ ಜೈಲಿನಲ್ಲಿದ್ದ. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಕ್ಷಮಾದಾನ ಅರ್ಜಿಯಲ್ಲಿ ಆದ ವಿಳಂಬ ಮತ್ತು ಅವನ ಮಾನಸಿಕ ಕಾಯಿಲೆ ನೋಡಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು.